ಅಟ್ಟದಿಂದ ಬರ್ತಿಗೆ: ಒಂದು ಏಣಿಯ ಚರಿತ್ರೆ

‘ಅಟ್ಟಕ್ಕೆ ಹಾರಲಾರದವ ಬೆಟ್ಟಕ್ಕೆ ಹಾರಿಯಾನೇ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕುಕ್ಕೆ ಸುಬ್ರಹ್ಮಣ್ಯಕ್ಕೆ ರಾತ್ರಿ ಪ್ರಯಾಣ ಮಾಡಿ ಬರುವವರ ವಿಷಯದಲ್ಲಿ ಮಾತ್ರ ಈ ಗಾದೆ ಕೆಲವೊಮ್ಮೆ ತಲೆಕೆಳಗಾಗುತ್ತದೆ. ಊರಿನ ಬೆನ್ನಿಗೇ ನಿಂತಿರುವ 1,712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಹತ್ತಿ ಇಳಿಯಬಲ್ಲವರು ಕೂಡ, ಓಡುವ ರೈಲಿನ ಮೇಲಿನ ಬರ್ತಿಗೆ ಒರಗಿದ ಕಬ್ಬಿಣದ ಏಣಿಯ ಮುಂದೆ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಬೆಟ್ಟ ಹತ್ತುವುದು ಸುಲಭ, ಅಟ್ಟ ಹತ್ತುವುದು ಕಷ್ಟ!

ಇದು ನಗೆಯಾಡಿ ಬಿಡುವ ಸಂಗತಿಯೇನಲ್ಲ. ಸುಬ್ರಹ್ಮಣ್ಯಕ್ಕೆ ಬರುವವರಲ್ಲಿ ಚಾರಣಿಗರಿಗಿಂತ ಸರ್ಪಸಂಸ್ಕಾರಕ್ಕೆ, ಆಶ್ಲೇಷ ಬಲಿಗೆ, ಮಾರ್ಗಶಿರದ ಚಂಪಾಷಷ್ಠಿಗೆ ಬರುವ ಕುಟುಂಬಗಳೇ ಹೆಚ್ಚು. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ರಾತ್ರಿ ಯಾರು ಎಲ್ಲಿ ಮಲಗಬೇಕು ಎಂಬುದನ್ನು ಮನೆಯ ಹಿರಿಯರು ತೀರ್ಮಾನಿಸುವುದಿಲ್ಲ, ಟಿಕೆಟ್ಟು ಕೂಡ ಪೂರ್ತಿಯಾಗಿ ತೀರ್ಮಾನಿಸುವುದಿಲ್ಲ. ಕೊನೆಯ ತೀರ್ಮಾನ ಏಣಿಯದು. ಇಷ್ಟಾದರೂ ಮಲಗುವ ಗಾಡಿಗಳ ಚರಿತ್ರೆಯಲ್ಲಿ ಬರ್ತಿಗೆ, ದಿಂಬಿಗೆ, ದೀಪಕ್ಕೆ ಸಿಕ್ಕ ಗಮನ ಏಣಿಗೆ ಸಿಕ್ಕಿದ್ದು ತೀರ ಈಚೆಗೆ.

ಅಟ್ಟದ ಪಾಠ

ಕಡಿದಾದ ಏಣಿ ದಕ್ಷಿಣ ಕನ್ನಡದ ಜನರಿಗೆ ಹೊಸದಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ಅಡಿಕೆ, ಭತ್ತ, ಹಬ್ಬ ಹರಿದಿನಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆಗಳು ಎಲ್ಲವೂ ಅಟ್ಟದಲ್ಲಿಯೇ. ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ಎಷ್ಟು ಕಡಿದಾಗಿರುತ್ತಿತ್ತೆಂದರೆ ಅದನ್ನು ಮೆಟ್ಟಿಲು ಎನ್ನಬೇಕೋ ಏಣಿ ಎನ್ನಬೇಕೋ ಎಂಬ ಅನುಮಾನ ಬರುತ್ತಿತ್ತು. ಕಾರಣ ಸ್ಪಷ್ಟ. ಮಳೆನಾಡಿನ ಮನೆಯಲ್ಲಿ ಒಣಗಿದ ನೆಲವೇ ಬೆಲೆಬಾಳುವ ವಸ್ತು. ಅದನ್ನು ಮೆಟ್ಟಿಲಿಗೆ ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಆದರೆ ಆ ಕಾಲದ ಬಡಗಿಗಳು ಕಡಿದಾದ ಏಣಿಗೆ ಎರಡು ಉಪಕಾರ ಮಾಡಿರುತ್ತಿದ್ದರು. ಒಂದು, ಕಾಲಿಡುವ ಜಾಗಕ್ಕೆ ದುಂಡನೆಯ ಕೋಲಲ್ಲ, ಅಗಲವಾದ ಹಲಗೆ. ಎರಡನೆಯದು, ಕೈಗೆ ಆಧಾರ. ಎಷ್ಟೋ ಮನೆಗಳಲ್ಲಿ ಮೇಲಿನ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟಿರುತ್ತಿತ್ತು. ಮನೆಯ ಅಜ್ಜಿ ಆ ಹಗ್ಗ ಹಿಡಿದು, ಹಲಗೆಯ ಮೇಲೆ ಪಾದ ಪೂರ್ತಿ ಊರಿ ಅಟ್ಟಕ್ಕೆ ಹೋಗಿ ಬರುತ್ತಿದ್ದಳು. ಜಾಗ ಉಳಿಯಿತು, ಕಾಲೂ ಉಳಿಯಿತು.

ಏಣಿಯ ಲೆಕ್ಕಾಚಾರವೆಲ್ಲ ಇಷ್ಟರಲ್ಲೇ ಇದೆ. ಒರಗಿಸಿದ ಏಣಿಗೆ ಕಟ್ಟಡ ಕೆಲಸದವರು ಬಳಸುವ ಒಂದು ಸರಳ ಸೂತ್ರವುಂಟು: ನಾಲ್ಕು ಪಾಲು ಎತ್ತರಕ್ಕೆ ಏಣಿಯ ಬುಡ ಒಂದು ಪಾಲು ದೂರ ಇರಬೇಕು. ಐದು ಅಡಿ ಎತ್ತರಕ್ಕೆ ಹತ್ತಬೇಕಾದರೆ ಬುಡ ಒಂದೂಕಾಲು ಅಡಿ ಮುಂದೆ ಬರುತ್ತದೆ. ಎರಡು ಅಡಿ ಅಗಲದ ನಡುದಾರಿಯಲ್ಲಿ ಒಂದೂಕಾಲು ಅಡಿಯನ್ನು ಏಣಿಯೇ ನುಂಗಿದರೆ ಜನ ಓಡಾಡುವುದೆಲ್ಲಿ? ಹಾಗಾಗಿ ಗಾಡಿ ಕಟ್ಟುವವರು ಏಣಿಯನ್ನು ಗೋಡೆಗೆ ಅಂಟಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಆಗ ಹತ್ತುವವನ ಮೈಭಾರ ಕಾಲಿನಿಂದ ಕೈಗೆ ವರ್ಗವಾಗುತ್ತದೆ. ಬೆರಳು ಗಟ್ಟಿಯಿರುವ ಹರೆಯದವರು ಸರಸರ ಹತ್ತುತ್ತಾರೆ. ಮಂಡಿ ನೋವಿನವರು, ಸೀರೆ ಉಟ್ಟವರು, ಕಂಕುಳಲ್ಲಿ ಮಗುವಿರುವವರು ಕೆಳಗೇ ನಿಲ್ಲುತ್ತಾರೆ.

ಪುಲ್‌ಮನ್ ಗಾಡಿಯ ಏಣಿ

ಓಡುವ ಗಾಡಿಯಲ್ಲಿ ಅಟ್ಟ ಕಟ್ಟುವ ಯೋಚನೆ ಅಮೆರಿಕದ್ದು. ಅಲ್ಲಿ 1830ರ ದಶಕದಲ್ಲಿಯೇ ಪೆನ್ಸಿಲ್ವೇನಿಯಾದ ರೈಲೊಂದರಲ್ಲಿ ಮಲಗುವ ಬೋಗಿ ಓಡಿತ್ತು. ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಜಾರ್ಜ್ ಪುಲ್‌ಮನ್. ಅವರು 1859ರಲ್ಲಿ ಹಳೆಯ ಬೋಗಿಗಳನ್ನು ಮಾರ್ಪಡಿಸಿ ಕೆಲಸ ಆರಂಭಿಸಿದರು. ಹಗಲಿನಲ್ಲಿ ಮೇಲಿನ ಹಾಸಿಗೆ ಚಾವಣಿಗೆ ಮಡಚಿಕೊಳ್ಳುತ್ತಿತ್ತು, ರಾತ್ರಿ ಕೆಳಗಿಳಿಯುತ್ತಿತ್ತು. ಒಂದೇ ಜಾಗ ಹಗಲಿಗೆ ಕೂಡುಕೋಣೆ, ರಾತ್ರಿಗೆ ಮಲಗುವ ಕೋಣೆ. ಇಂದಿನ ಎಲ್ಲ ಸ್ಲೀಪರ್ ಬೋಗಿಗಳ ಬೀಜ ಅಲ್ಲಿದೆ.

ಪುಲ್‌ಮನ್ ಬೋಗಿಯಲ್ಲಿ ಏಣಿ ಗೋಡೆಗೆ ಜಡಿದಿರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಕರೆದಾಗ ಬೋಗಿಯ ಪರಿಚಾರಕ ಪುಟ್ಟ ಏಣಿಯೊಂದನ್ನು ತಂದು ಇಳಿಜಾರಾಗಿ ನಿಲ್ಲಿಸುತ್ತಿದ್ದ. ಪ್ರಯಾಣಿಕ ಹತ್ತಿದ ಮೇಲೆ ಅದನ್ನು ತೆಗೆದೊಯ್ಯುತ್ತಿದ್ದ. ನಡುದಾರಿಯೂ ತೆರವು, ಹತ್ತುವವರಿಗೂ ಸುಖ. ಆದರೆ ಈ ಸುಖದ ಹಿಂದೆ ರಾತ್ರಿಯಿಡೀ ಎಚ್ಚರವಾಗಿರಬೇಕಾದ ಒಬ್ಬ ನೌಕರನಿದ್ದ. ಈ ಪರಿಚಾರಕರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಆರಂಭದ ದಿನಗಳಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರು. ಅವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ನಾಯಕತ್ವದಲ್ಲಿ ಸಂಘ ಕಟ್ಟಿ, 1937ರಲ್ಲಿ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವವರೆಗೆ ಅವರ ದುಡಿಮೆಗೆ ಗಂಟೆಯ ಮಿತಿಯೂ ಸರಿಯಾಗಿರಲಿಲ್ಲ.

ಇನ್ನೊಂದು ಸಂಗತಿಯೂ ಸ್ವಾರಸ್ಯಕರ. ಮೇಲಿನ ಬರ್ತ್ ಕೆಳಗಿನದಕ್ಕೆ ಸಮವಲ್ಲ ಎಂಬುದನ್ನು ಅಮೆರಿಕದವರು ದರದಲ್ಲಿಯೇ ಒಪ್ಪಿಕೊಂಡರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೇಲಿನ ಬರ್ತಿಗೆ ಕಡಿಮೆ ದರ ಗೊತ್ತುಪಡಿಸಲಾಯಿತು. ಭಾರತದಲ್ಲಿ ಹಾಗಿಲ್ಲ. ಒಂದೇ ದರ್ಜೆಯಲ್ಲಿ ಕೆಳಗಿನ, ನಡುವಿನ, ಮೇಲಿನ ಬರ್ತಿಗೆ ಒಂದೇ ದರ. ಅಂದಮೇಲೆ ಮೂರನ್ನೂ ಸಮಾನವಾಗಿಸುವ ಹೊಣೆ ಏಣಿಯ ಮೇಲೆ ಬೀಳುತ್ತದೆ.

ಮೆತ್ತೆ ಬಂತು, ಏಣಿ ಹಾಗೇ ಉಳಿಯಿತು

ಬ್ರಿಟಿಷರ ಕಾಲದ ಭಾರತದಲ್ಲಿ ಮಲಗುವ ಸೌಕರ್ಯ ಮೇಲ್ದರ್ಜೆಯವರದು. ಮೂರನೆಯ ದರ್ಜೆಯವರಿಗೆ ಮರದ ಬೆಂಚು. ಸ್ವಾತಂತ್ರ್ಯದ ನಂತರ ಸಾಮಾನ್ಯರಿಗೂ ಮಲಗುವ ಬೋಗಿ ದೊರೆಯಿತು. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಿಂದ ಉಕ್ಕಿನ ಬೋಗಿಗಳು ಬರತೊಡಗಿದವು. ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ವಿಮಾನ ತಯಾರಿಸುತ್ತಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ದಶಕದ ಕೊನೆಯಲ್ಲಿಯೇ ರೈಲು ಬೋಗಿ ತಯಾರಿಕೆಗೆ ಕೈಹಾಕಿತ್ತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಆ ಕೆಲಸವನ್ನು ಮುಂದುವರಿಸಿತು.

ಮೂರನೆಯ ದರ್ಜೆ 1974ರಲ್ಲಿ ರದ್ದಾಯಿತು. ಆದರೆ ಎರಡನೆಯ ದರ್ಜೆಯ ಬರ್ತ್ ಬರಿಯ ಹಲಗೆಯಾಗಿಯೇ ಉಳಿದಿತ್ತು. ಜನತಾ ಸರ್ಕಾರದಲ್ಲಿ 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ ಅದಕ್ಕೆ ಎರಡು ಇಂಚಿನ ಮೆತ್ತೆ ಹಾಕಿಸಿದರು. ಬಡವನ ಬೆನ್ನಿಗೂ ಮೆದುವಾದ ಹಾಸು ಬೇಕು ಎಂಬ ಸಣ್ಣ ತೀರ್ಮಾನ ಅದು. ಅದರ ಫಲವನ್ನು ಇಂದಿಗೂ ಕೋಟ್ಯಂತರ ಜನ ಅನುಭವಿಸುತ್ತಿದ್ದಾರೆ. ಬೆನ್ನಿಗೆ ಮೆತ್ತೆ ಬಂದ ಮೇಲೂ ಪಾದಕ್ಕೆ ಸಿಕ್ಕಿದ್ದು ಅದೇ ಕಬ್ಬಿಣದ ದುಂಡು ಕಂಬಿ. ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಹತ್ತುವವರ ಮೈಭಾರವೆಲ್ಲ ಪಾದದ ನಡುವಿನ ಮೆದು ಭಾಗದ ಮೇಲೆ, ಒಂದು ಬೆರಳಿನಷ್ಟು ದಪ್ಪದ ಕಂಬಿಯ ಮೇಲೆ ನಿಲ್ಲುತ್ತದೆ.

ಸುಬ್ರಹ್ಮಣ್ಯದ ಕಡೆಗೆ ರೈಲು ಬಂದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ತೆರೆಯಿತು. ನೆಟ್ಟಣದಲ್ಲಿರುವ ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂದು ಹೆಸರಾಯಿತು. ದೇವಸ್ಥಾನ ಅಲ್ಲಿಂದ ಸುಮಾರು 12 ಕಿಲೋಮೀಟರ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಪ್ರತಿ 50 ಮೀಟರಿಗೆ ಒಂದು ಮೀಟರ್ ಏರು. ಚಿತ್ರದುರ್ಗ ಜಿಲ್ಲೆಯವರೇ ಆದ ಸಿ.ಕೆ. ಜಾಫರ್ ಷರೀಫ್ 1991ರಲ್ಲಿ ರೈಲ್ವೆ ಸಚಿವರಾದ ಮೇಲೆ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಹೊರಟಿತು. ಅದರಂತೆ ಈ ಮಾರ್ಗವೂ 1990ರ ದಶಕದ ಮಧ್ಯದಲ್ಲಿ ಮುಚ್ಚಿತು. ಒಂದು ಮೀಟರ್ ಅಗಲದ ಹಳಿ 1,676 ಮಿಲಿಮೀಟರ್ ಆಗಿ, ಸರಕು ಗಾಡಿ 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ ಓಡಿತು. ಸುಮಾರು ಹತ್ತು ವರ್ಷ ಕಾದ ಜನರಿಗೆ ಅಗಲವಾದ ಬೋಗಿ ಸಿಕ್ಕಿತು.

ಬೋಗಿ ಅಗಲವಾದರೂ ಘಾಟಿಯ ತಿರುವುಗಳು ಬದಲಾಗಲಿಲ್ಲ. ಇಲ್ಲಿ ಏಣಿಯ ಕಷ್ಟ ಇಮ್ಮಡಿ. ಗಾಡಿ ತಿರುವಿನಲ್ಲಿ ವಾಲಿದಾಗ ನೆಟ್ಟಗಿನ ಏಣಿ ಹತ್ತುವವನನ್ನು ಹೊರಕ್ಕೆ ತಳ್ಳುತ್ತದೆ. ಹಿಡಿಯಲು ಮೇಲೆ ಕೈಪಿಡಿ ಇಲ್ಲದಿದ್ದರೆ ಪಕ್ಕದವರ ಬರ್ತಿನ ಸರಪಳಿಯೇ ಗತಿ. ಬೆಂಗಳೂರಿನಿಂದ ಕಣ್ಣೂರಿಗೆ, 2020ರ ಮಾರ್ಚ್‌ನಲ್ಲಿ ಆರಂಭವಾದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕಾರವಾರಕ್ಕೆ ಹೋಗುವವರು ಈ ಘಾಟಿಯನ್ನು ದಾಟುವುದು ರಾತ್ರಿಯ ಪ್ರಯಾಣದಲ್ಲಿ. ಹಗಲು ರೈಲಿನವರಿಗೆ 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂತು. ಸುಬ್ರಹ್ಮಣ್ಯ ರೋಡಿನಲ್ಲಿ ಇಳಿಯಬೇಕಾದ ರಾತ್ರಿ ಪ್ರಯಾಣಿಕರಿಗೆ ಘಾಟಿಯೆಂದರೆ ನಿದ್ದೆಗಣ್ಣಿನಲ್ಲಿ, ಮಂದ ಬೆಳಕಿನಲ್ಲಿ, ಕಾಲಿನಿಂದ ಕಂಬಿ ಹುಡುಕುವ ಹೊತ್ತು. ಹತ್ತುವಾಗ ಕಣ್ಣು ಮುಂದಿರುತ್ತದೆ, ಇಳಿಯುವಾಗ ಕಾಲೇ ಕಣ್ಣು.

ಬರ್ತ್ ಎಂಬತ್ತು, ಹತ್ತಬೇಕಾದವರು ಐವತ್ತು

ಹೊಸ ಶತಮಾನದಲ್ಲಿ ಜರ್ಮನಿಯ ಎಲ್‌ಎಚ್‌ಬಿ ವಿನ್ಯಾಸದ ಬೋಗಿಗಳು ಬಂದವು. ಹಳೆಯ ಬೋಗಿಗಿಂತ ಇವು ಸುಮಾರು ಎರಡು ಮೀಟರ್ ಉದ್ದ. ಆ ಎರಡು ಮೀಟರಿನಲ್ಲಿ ಏನು ಮಾಡಬಹುದಿತ್ತು? ಏಣಿಗೆ ಒಂದಿಷ್ಟು ಜಾಗ ಬಿಡಬಹುದಿತ್ತು. ಆದರೆ ರೈಲ್ವೆ ಅಲ್ಲಿ ಇನ್ನೊಂದು ಸಾಲು ಬರ್ತ್ ಹಾಕಿತು. ಸ್ಲೀಪರ್ ಬೋಗಿಯ 72 ಬರ್ತ್ 80 ಆಯಿತು. ಟಿಕೆಟ್ಟಿಗಾಗಿ ಕಾಯುವವರ ಸಾಲು ನೋಡಿದರೆ ಇದನ್ನು ತಪ್ಪೆನ್ನುವುದೂ ಕಷ್ಟವೇ.

ಲೆಕ್ಕ ಹೀಗಿದೆ. 80 ಬರ್ತಿನ ಬೋಗಿಯಲ್ಲಿ ಹತ್ತು ಅಂಕಣಗಳು. ಒಂದೊಂದರಲ್ಲಿ ಪಕ್ಕದ್ದೂ ಸೇರಿ ಕೆಳಗಿನವು ಮೂರು, ನಡುವಿನವು ಎರಡು, ಮೇಲಿನವು ಮೂರು. ಒಟ್ಟು 30 ಬರ್ತ್ ಕೆಳಗೆ, 50 ಬರ್ತ್ ಹತ್ತುವಂಥವು. ಅರವತ್ತು ದಾಟಿದ ಪುರುಷರಿಗೆ, ನಲವತ್ತೈದು ದಾಟಿದ ಮಹಿಳೆಯರಿಗೆ, ಗರ್ಭಿಣಿಯರಿಗೆ ಕೆಳಗಿನ ಬರ್ತ್ ಕೊಡುವ ಏರ್ಪಾಡನ್ನು ರೈಲ್ವೆ ಮಾಡಿದೆ; ಸ್ಲೀಪರ್ ಬೋಗಿಯೊಂದರಲ್ಲಿ ಇದಕ್ಕೆ ಮೀಸಲು ಆರೇಳು ಬರ್ತ್. ಯಾತ್ರೆಗೆ ಹೊರಟ ಒಂದೆರಡು ಕುಟುಂಬಗಳ ಹಿರಿಯರಿಗೇ ಅದು ಮುಗಿದುಹೋಗಬಹುದು. ಉಳಿದವರು ಸಹಪ್ರಯಾಣಿಕರ ದಾಕ್ಷಿಣ್ಯವನ್ನು ನಂಬಬೇಕು. ‘ಅಣ್ಣಾ, ನೀವು ಮೇಲೆ ಹೋಗ್ತೀರಾ? ಅಮ್ಮನಿಗೆ ಮಂಡಿನೋವು’ ಎಂಬ ಕೋರಿಕೆ ಕೇಳದ ರಾತ್ರಿ ರೈಲು ಇರಲಾರದು.

ಬರ್ತ್ ಹೆಚ್ಚಿಸುವ ಆಸೆ ಒಮ್ಮೆ ಮಿತಿ ಮೀರಿದ್ದೂ ಉಂಟು. ಪಕ್ಕದ ಎರಡು ಬರ್ತ್‌ಗಳ ನಡುವೆ ಮೂರನೆಯದನ್ನು ತುರುಕುವ ಪ್ರಯೋಗ ಸುಮಾರು 2006ರಿಂದ ನಡೆಯಿತು. ಅಲ್ಲಿ ಮಲಗಿದವರು ಎದ್ದು ಕೂರುವಂತಿರಲಿಲ್ಲ. ದೂರುಗಳು ಬಂದ ಮೇಲೆ ಸ್ಲೀಪರ್ ಬೋಗಿಗಳಿಂದ ಅದನ್ನು ಕಿತ್ತುಹಾಕಲಾಯಿತು. ಗರೀಬ್ ರಥದಲ್ಲಿ ಉಳಿಯಿತು.

ಏಣಿಯ ಅದೃಷ್ಟ ತೆರೆದದ್ದು 2021ರಲ್ಲಿ. ಆ ವರ್ಷ ಕಪುರ್ತಲಾದ ಕಾರ್ಖಾನೆ 83 ಬರ್ತಿನ ಎಸಿ ಎಕಾನಮಿ ಬೋಗಿಯನ್ನು ಹೊರತಂದಿತು. ಇನ್ನಷ್ಟು ಬರ್ತ್ ತುಂಬಿಸಿದ ಈ ಬೋಗಿಯಲ್ಲಿ ನಡುವಿನ ಮತ್ತು ಮೇಲಿನ ಬರ್ತ್‌ಗಳಿಗೆ ಏಣಿಯ ವಿನ್ಯಾಸವನ್ನು ಸುಧಾರಿಸಲಾಗಿದೆ ಎಂದು ರೈಲ್ವೆ ಪ್ರತ್ಯೇಕವಾಗಿ ಹೇಳಿಕೊಂಡಿತು. ಬಿಇಎಂಎಲ್ ಬೆಂಗಳೂರಿನಲ್ಲಿ ಸಿದ್ಧಪಡಿಸಿದ ವಂದೇ ಭಾರತ್ ಸ್ಲೀಪರ್ ರೈಲಿನ ಮಾದರಿ 2024ರ ಸೆಪ್ಟೆಂಬರ್ 1ರಂದು ಪ್ರದರ್ಶನಗೊಂಡಿತು. ಹದಿನಾರು ಬೋಗಿ, 823 ಬರ್ತ್. ಅದರ ವೈಶಿಷ್ಟ್ಯಗಳ ಪಟ್ಟಿಯಲ್ಲಿಯೂ ದೇಹಕ್ಕೆ ಒಗ್ಗುವಂತೆ ರೂಪಿಸಿದ ಏಣಿಗೆ ಜಾಗ ಸಿಕ್ಕಿತ್ತು. ರೈಲಿನ ಹೆಗ್ಗಳಿಕೆಗಳ ನಡುವೆ ಏಣಿಯ ಹೆಸರು ಬರಲು ಇಷ್ಟು ಕಾಲ ಬೇಕಾಯಿತು.

ಅಂಬಾರಿ ಮತ್ತು ಪಲ್ಲಕ್ಕಿ

ಸುಬ್ರಹ್ಮಣ್ಯಕ್ಕೆ ರಾತ್ರಿ ಬರುವವರಲ್ಲಿ ಬಸ್ಸಿನವರೂ ಬಹಳ. ರಾಜ್ಯ ರಸ್ತೆ ಸಾರಿಗೆ ನಿಗಮ ತನ್ನ ಮಲಗುವ ಬಸ್ಸುಗಳಿಗೆ ಇಟ್ಟ ಹೆಸರುಗಳು ಚೆಂದ: ಎಸಿ ಬಸ್ಸಿಗೆ ಅಂಬಾರಿ, 2023ರ ಫೆಬ್ರವರಿಯಲ್ಲಿ ಬಂದ ವೋಲ್ವೊಗೆ ಅಂಬಾರಿ ಉತ್ಸವ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಎಸಿ ಇಲ್ಲದ ಸ್ಲೀಪರಿಗೆ ಪಲ್ಲಕ್ಕಿ.

ಹೆಸರುಗಳನ್ನು ಏಣಿಯ ಕಣ್ಣಿನಿಂದ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅಂಬಾರಿ ಏರಲು ಏಣಿ ಬೇಕೇ ಬೇಕು. ಆನೆ ಮಂಡಿಯೂರಿದರೂ ಪಕ್ಕಕ್ಕೆ ಏಣಿ ಇಟ್ಟು, ಇಬ್ಬರು ಹಿಡಿದು ನಿಲ್ಲುತ್ತಿದ್ದರು. ರಾಜನಾದರೂ ಒಂದೊಂದೇ ಮೆಟ್ಟಿಲು ಹತ್ತಬೇಕು. ಪಲ್ಲಕ್ಕಿ ಹಾಗಲ್ಲ. ಅದನ್ನು ನೆಲಕ್ಕಿಳಿಸಿದಾಗ ಕೂರುವವರು ಒಂದು ಹೆಜ್ಜೆ ಎತ್ತಿಟ್ಟರೆ ಸಾಕು. ಹಣ್ಣು ಹಣ್ಣು ಮುದುಕರಿಗೂ ಒಗ್ಗುವ ವಾಹನ. ಇಂದಿನ ಪಲ್ಲಕ್ಕಿಯಲ್ಲಿ ಮೇಲಂತಸ್ತು ಇದೆ, ಆದ್ದರಿಂದ ಹತ್ತುವ ಕಷ್ಟವೂ ಇದೆ.

ಬಸ್ಸಿನ ಒಳಗೆ ಜಾಗ ರೈಲಿಗಿಂತಲೂ ಬಿಗಿ. ಅನೇಕ ಸ್ಲೀಪರ್ ಬಸ್ಸುಗಳಲ್ಲಿ ಏಣಿ ಎಂಬುದು ಬರ್ತಿನ ಚೌಕಟ್ಟಿಗೆ ಜಡಿದ ಎರಡು ಮೂರು ಕಾಲಿಡುವ ಪಟ್ಟಿಗಳಷ್ಟೇ. ಶಿರಾಡಿ ಘಾಟಿಯ ತಿರುವಿನಲ್ಲಿ ಅದರ ಮೇಲೆ ನಿಂತವರಿಗೆ ದೇವರೇ ಗತಿ. ಅಪಘಾತದ ಹೊತ್ತಿನಲ್ಲಂತೂ ಇದು ಸೌಕರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದ ಬಳಿ 2022ರ ಜೂನ್ 3ರಂದು, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಕರ್ನೂಲಿನ ಬಳಿ 2025ರ ಅಕ್ಟೋಬರ್ 24ರಂದು ಬೆಂಕಿ ಹೊತ್ತಿ ಮಲಗಿದ್ದವರು ಹೊರಬರಲಾಗದೆ ಸತ್ತರು. ಇಂಥ ದುರಂತಗಳಿಗೆ ಕಾರಣಗಳು ಹಲವು. ಆದರೆ ಹೊಗೆ ತುಂಬಿದ ಬಸ್ಸಿನಲ್ಲಿ ಮೇಲಿನಿಂದ ಇಳಿಯಲು ಬೇಕಾಗುವ ಒಂದೊಂದು ಕ್ಷಣವೂ ಜೀವದ ಲೆಕ್ಕಕ್ಕೆ ಸೇರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಗಾಲಿಯ ಮೇಲಿನ ಮನೆ

ಏಣಿಯನ್ನು ತಿದ್ದುವ ಕಲೆ ಹೆಚ್ಚು ಬೆಳೆದದ್ದು ರೈಲಿನಲ್ಲೂ ಅಲ್ಲ, ಬಸ್ಸಿನಲ್ಲೂ ಅಲ್ಲ. ಮನೆಯಂತೆ ಬಳಸುವ ಕ್ಯಾರವಾನುಗಳಲ್ಲಿ. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಗೋರ್ಡನ್ ಸ್ಟೇಬಲ್ಸ್ 1885ರಲ್ಲಿ ಕುದುರೆ ಎಳೆಯುವ ‘ವಾಂಡರರ್’ ಎಂಬ ಗಾಡಿ ಕಟ್ಟಿಸಿಕೊಂಡು ಸುತ್ತಾಡಿದ್ದು ಈ ಹವ್ಯಾಸದ ಆರಂಭ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪೆನಿ 1951ರಿಂದ ಫೋಕ್ಸ್‌ವ್ಯಾಗನ್ ವ್ಯಾನುಗಳನ್ನು ಮನೆಯಾಗಿಸಿತು. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ಪ್ರಕಟಿಸಿತು. ಮನೆಮಂದಿಯೆಲ್ಲ ಒಟ್ಟಿಗೆ ತೀರ್ಥಯಾತ್ರೆ ಮಾಡುವ ನಮ್ಮಲ್ಲಿ ಇಂಥ ಗಾಡಿಗಳಿಗೆ ಬೇಡಿಕೆ ಬಂದರೆ ಆಶ್ಚರ್ಯವಿಲ್ಲ.

ಕ್ಯಾರವಾನಿನಲ್ಲಿ ಬರ್ತ್ ಮಾರುವವನೂ ಮಲಗುವವನೂ ಬೇರೆ ಬೇರೆಯಲ್ಲ. ರಾತ್ರಿ ಪಾದ ನೊಂದವನೇ ಬೆಳಿಗ್ಗೆ ಗರಗಸ ಹಿಡಿಯುತ್ತಾನೆ. ಹಾಗಾಗಿ ಅಲ್ಲಿ ಹಲವು ಉಪಾಯಗಳು ಹುಟ್ಟಿವೆ. ಒಂದು, ದುಂಡು ಕಂಬಿಯ ಮೇಲೆ ನಾಲ್ಕು ಬೆರಳು ಅಗಲದ ಹಲಗೆ ಕೂರಿಸಿ, ಜಾರದಂತೆ ರಬ್ಬರ್ ಹೊದಿಸುವುದು. ಎರಡು, ಏಣಿಯನ್ನು ಜಡಿಯದೆ ಕೊಕ್ಕೆಗೆ ಸಿಕ್ಕಿಸುವುದು. ರಾತ್ರಿ ಇಳಿಜಾರಾಗಿ ನಿಲ್ಲುತ್ತದೆ, ಹಗಲು ಹಾಸಿಗೆಯ ಕೆಳಗೆ ಸೇರುತ್ತದೆ. ಮೂರು, ಬಟ್ಟೆಬರೆ ತುಂಬುವ ಪೆಟ್ಟಿಗೆಗಳನ್ನೇ ಒಂದಕ್ಕಿಂತ ಒಂದು ಎತ್ತರವಾಗಿ ಜೋಡಿಸಿ ಮೆಟ್ಟಿಲು ಮಾಡುವುದು. ಏಣಿ ನುಂಗಿದ ಜಾಗವನ್ನು ಪೆಟ್ಟಿಗೆ ಹಿಂದಿರುಗಿಸುತ್ತದೆ. ನಾಲ್ಕು, ಎಡಗಾಲಿಗೊಂದು ಬಲಗಾಲಿಗೊಂದು ಎಂದು ಮೆಟ್ಟಿಲುಗಳನ್ನು ಅರ್ಧರ್ಧ ಕತ್ತರಿಸುವುದು. ಕಡಿದಾದ ಏಣಿಯಲ್ಲಿಯೂ ಪಾದ ಪೂರ್ತಿ ಊರುತ್ತದೆ.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಇನ್ನೊಂದಿದೆ. ಏಣಿ ಮುಗಿಯುವಲ್ಲಿ, ತಲೆಯ ಮಟ್ಟಕ್ಕೆ, ಗಟ್ಟಿಯಾದ ಒಂದು ಕೈಪಿಡಿ. ಏಣಿಯಲ್ಲಿ ಕಷ್ಟದ ಜಾಗ ನಡುವಲ್ಲ, ತುದಿ. ಕಾಲು ಕೊನೆಯ ಮೆಟ್ಟಿಲು ಬಿಟ್ಟು ಹಾಸಿಗೆಗೆ ದಾಟುವ ಹೊತ್ತು. ಆಗ ಕೈಗೆ ಹಿಡಿತ ಸಿಕ್ಕರೆ ಅರ್ಧ ಭಯ ಹೋಯಿತು. ಅಟ್ಟದ ಮನೆಯ ಬಡಗಿ ಹಗ್ಗ ಇಳಿಬಿಟ್ಟದ್ದು ಇದೇ ಲೆಕ್ಕದಿಂದ. ಅಗಲದ ಹಲಗೆ, ಕೈಗೊಂದು ಆಧಾರ: ಹೊಸ ಗಾಡಿಗಳ ಏಣಿಯಲ್ಲಿ ಆಗುತ್ತಿರುವ ಸುಧಾರಣೆಗಳ ತಿರುಳೂ ಹೆಚ್ಚುಕಡಿಮೆ ಇಷ್ಟೇ.

‘ಅಟ್ಟಕ್ಕೇರಿಸಿ ಏಣಿ ತೆಗೆದರು’ ಎನ್ನುವ ಮಾತು ಮೋಸಕ್ಕೆ ಉಪಮೆಯಾಗಿ ಬಳಕೆಯಲ್ಲಿದೆ. ಮಲಗಲು ಜಾಗ ಕೊಟ್ಟು, ಅಲ್ಲಿಗೆ ಹತ್ತಲಾರದಂಥ ಏಣಿ ಕೊಡುವುದೂ ಅದಕ್ಕಿಂತ ತೀರ ದೂರದ ಸಂಗತಿಯಲ್ಲ. ಒಂದು ಗಾಡಿಯಲ್ಲಿ ಎಷ್ಟು ಬರ್ತ್ ಇವೆ ಎಂಬ ಲೆಕ್ಕ ಸಾಲದು. ಅದರಲ್ಲಿ ಮಂಡಿನೋವಿನ ಅಜ್ಜಿ ಯಾರ ಹಂಗೂ ಇಲ್ಲದೆ ಹತ್ತಿ ಮಲಗಬಹುದಾದ ಬರ್ತ್ ಎಷ್ಟು ಎಂಬುದೇ ಸರಿಯಾದ ಲೆಕ್ಕ.